‘ರೇಡಿಯೊ ಮನೆ’ ‘ಹುಚ್ಚರ ಮನೆ’ ಆದದ್ದು ಯಾವಾಗ?

ಹೆಸರು, ವಯಸ್ಸು, ಕೆಲಸ, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ.

ನಾನು ಮನಃಶಾಸ್ತ್ರದವಳು, ಮನಸ್ಸಿನ ಕಷ್ಟ ಹೇಳಿಕೊಂಡು ಬರುವವರ ಜೊತೆ ಮಾತಾಡುವುದು ನನ್ನ ಕೆಲಸ. ಸುಮಾ ಮೊದಲ ದಿನ ಬಂದು ಕೂತವಳು ತೊಡೆ ಮೇಲಿನ ಬ್ಯಾಗನ್ನು ಕೆಳಗಿಡಲೇ ಇಲ್ಲ. 26 ವರ್ಷ, ಮೈಸೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ. ಅವಳದ್ದು ಒಂದೇ ಪ್ರಶ್ನೆ. “ಮೇಡಂ, ನಮ್ಮ ಮನೆಯವರಿಗೆ ಹುಚ್ಚಾ? ಹೌದು ಅಂದರೆ ನನಗೂ ಬರುತ್ತಾ?”

ಹಾಗೆ ಹೇಳಿದವರು ಯಾರು ಎಂದೆ. ಮುಖಕ್ಕೆ ಯಾರೂ ಹೇಳಿಲ್ಲ. ಎರಡು ವರ್ಷದಲ್ಲಿ ಎರಡು ಸಂಬಂಧ ಬಂದು ತಪ್ಪಿಹೋಗಿವೆ. ಎರಡು ಸಲವೂ ಜಾತಕ ಕೂಡಿತ್ತು, ಹುಡುಗ ಒಪ್ಪಿದ್ದ. ಆಮೇಲೆ ಗಂಡಿನ ಕಡೆಯವರು ಅಕ್ಕಪಕ್ಕ ವಿಚಾರಿಸಿದರು. ಈ ವಿಚಾರಿಸುವುದು ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಹುಡುಗನ ಸೋದರಮಾವ ಬೀದಿ ತುದಿಯ ಅಂಗಡಿಯಲ್ಲಿ ಎರಡು ಬಾಳೆಹಣ್ಣು ತಗೊಂಡು, “ಆ ಮನೆಯವರು ಹೇಗೆ?” ಅನ್ನುತ್ತಾರೆ. ಅಂಗಡಿಯವನು ಕೆಟ್ಟದ್ದು ಆಡಬೇಕಾಗಿಯೇ ಇಲ್ಲ. “ಒಳ್ಳೇವ್ರೇ... ಸ್ವಲ್ಪ ಒಂಥರಾ” ಅಂದರೆ ಮುಗಿಯಿತು. ಬೈದರೆ ವಾಪಸ್ ಬೈಯಬಹುದು. ಈ ‘ಒಂಥರಾ’ಗೆ ಏನಂತ ಉತ್ತರ ಕೊಡುವುದು?

ಮನೆಯಲ್ಲಿ ನಾಲ್ಕು ಜನ. ಅಪ್ಪ ರೇಡಿಯೊ, ಮಿಕ್ಸಿ ರಿಪೇರಿ ಮಾಡುತ್ತಾರೆ. ಮನೆ ತುಂಬ ಹಳೇ ರೇಡಿಯೊಗಳು, ಮರ್ಫಿ, ಬುಷ್, ಫಿಲಿಪ್ಸ್, ನೂರಕ್ಕೂ ಜಾಸ್ತಿ. ಕೆಲಸ ಮಾಡುವಾಗ ಅವುಗಳ ಜೊತೆ ಮಾತಾಡುತ್ತಾರೆ. “ಏನಮ್ಮಾ, ಇವತ್ತೂ ಹಠಾನಾ?” ಅಂತ. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟೆರೇಸಿನಲ್ಲಿ ದೇವರನಾಮ ಹಾಡುತ್ತಾರೆ, ದನಿ ಸ್ವಲ್ಪ ಜೋರು. ಅರಿಶಿನ ಕುಂಕುಮಕ್ಕೆ ಕರೆದರೆ ಹೋಗುವುದಿಲ್ಲ. ಬಾಗಿಲ ಮುಂದೆ ರಂಗೋಲಿ ಬದಲು ಮೀನು, ಆಮೆ, ಒಮ್ಮೊಮ್ಮೆ ಬಸ್ಸು ಬರೆಯುತ್ತಾರೆ. ಬಸ್ಸು ಯಾಕೆ ಎಂದು ನಾನು ಆಮೇಲೆ ಕೇಳಿದೆ. “ಚೆನ್ನಾಗಿರುತ್ತೆ” ಅಂದರು. ತಮ್ಮನಿಗೆ 20. ಅವನ ಬಗ್ಗೆ ಸುಮಾ ಮೊದಲ ದಿನ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಎರಡನೇ ಸಲ ಬಂದಾಗ ಬೀದಿಯ ಕಥೆ ಬಿಚ್ಚಿಕೊಂಡಿತು. ಇವರದ್ದು ತಾತನ ಕಾಲದ ಜಗಲಿ ಮನೆ. ಇಪ್ಪತ್ತು ವರ್ಷದ ಹಿಂದೆ ಆ ಬೀದಿ ತುಂಬ ಅಂಥ ಮನೆಗಳೇ ಇದ್ದವು. ಅಪ್ಪನ ರಿಪೇರಿ ಮೇಜು ಜಗಲಿಯ ಮೇಲಿತ್ತು. ಸಂಜೆ ನಾಲ್ಕು ಜನ ಬಂದು ಕೂರುತ್ತಿದ್ದರು, ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರು. ಆಗಲೂ ಅಪ್ಪ ರೇಡಿಯೊ ಜೊತೆ ಮಾತಾಡುತ್ತಿದ್ದರು. ಆಗಲೂ ಅಮ್ಮ ನಾಲ್ಕಕ್ಕೆ ಹಾಡುತ್ತಿದ್ದರು. ಅವರ ಹಾಡು ಕೇಳಿಯೇ ಏಳುತ್ತಿದ್ದ ಹಾಲಿನವನೊಬ್ಬ ಇದ್ದನಂತೆ. ಜನ ಆ ಮನೆಗೆ ‘ರೇಡಿಯೊ ಮನೆ’ ಅನ್ನುತ್ತಿದ್ದರು.

ಆಮೇಲೆ ಒಂದೊಂದೇ ಮನೆ ಮಾರಾಟವಾಯಿತು. ಮೂರು ಅಂತಸ್ತು ಎದ್ದವು, ಗೇಟು ಬಂತು, ಕ್ಯಾಮೆರಾ ಬಂತು. ಜಗಲಿಗಳು ಹೋದವು. ಬೀದಿಯವರದ್ದು ಒಂದು ವಾಟ್ಸಾಪ್ ಗುಂಪು ಆಯಿತು. ಸುಮಾಳ ಮನೆಯವರನ್ನು ಅದಕ್ಕೆ ಯಾರೂ ಸೇರಿಸಲಿಲ್ಲ. ಆ ಗುಂಪಿನಲ್ಲಿ ಮೊದಲು ಅದು ‘ಆ ಹಳೇ ಮನೆ’, ಆಮೇಲೆ ‘ಗುಜರಿ ಮನೆ’, ಈಗ ‘ಹುಚ್ಚರ ಮನೆ’. ಅಪ್ಪ ಅಮ್ಮ ಇದ್ದ ಹಾಗೇ ಇದ್ದಾರೆ. ಸುತ್ತಲಿನ ಬೀದಿಯೇ ಬೇರೆಯಾಗಿದೆ.

ಸುಮಾ ಇದನ್ನು ನನಗಿಂತ ಚೆನ್ನಾಗಿ ಕಂಡುಕೊಂಡಿದ್ದಳು. ಎದುರು ಮನೆಯಲ್ಲಿ ಒಬ್ಬ ನಿವೃತ್ತ ಅಧಿಕಾರಿ. ಹನ್ನೊಂದು ಬೆಕ್ಕು ಸಾಕಿದ್ದಾರೆ. ಎಲ್ಲಕ್ಕೂ ರಾಗಗಳ ಹೆಸರು. ಮಧ್ಯರಾತ್ರಿ ಚಡ್ಡಿಯಲ್ಲಿ ಗೇಟಿಗೆ ಬಂದು “ಹಿಂದೋಳಾ, ಹಿಂದೋಳಾ” ಎಂದು ಕೂಗುತ್ತಾರೆ. ಬೀದಿಯವರು ಏನಂತಾರೆ? “ಸಾಹೇಬ್ರು ಸ್ವಲ್ಪ ಮೂಡಿ.” ಸುಮಾ ಬ್ಯಾಗಿನ ಜಿಪ್ ಎಳೆಯುತ್ತಾ ಹೇಳಿದಳು, “ಅವರದ್ದು ಹಾಬಿ, ನಮ್ಮಪ್ಪಂದು ಹುಚ್ಚು. ಅವರ ಮನೆ ಮುಂದೆ ಕಾರಿದೆ ಅಲ್ವಾ ಮೇಡಂ.”

ಇಂಗ್ಲೆಂಡಿನ ಲೆಸ್ಟರ್ ಊರಿನ ಬಳಿ ನಾರ್ಬರ್ಟ್ ಎಲಿಯಾಸ್ ಮತ್ತು ಜಾನ್ ಸ್ಕಾಟ್ಸನ್ ಎಂಬ ಇಬ್ಬರು ಇಂಥದ್ದೇ ಅಕ್ಕಪಕ್ಕದವರ ಬಗ್ಗೆ ಅಧ್ಯಯನ ಮಾಡಿ 1965ರಲ್ಲಿ ಪ್ರಕಟಿಸಿದ್ದರು. ಎರಡು ಬಡಾವಣೆ, ಎರಡರಲ್ಲೂ ಕಾರ್ಮಿಕರೇ. ಆದರೂ ಹಳಬರು ಹೊಸಬರನ್ನು ಕೊಳಕರು, ಒರಟರು ಎನ್ನುತ್ತಿದ್ದರು. ಹೊಸಬರನ್ನು ಅವರಲ್ಲಿನ ತೀರಾ ಕೆಟ್ಟ ಒಬ್ಬಿಬ್ಬರನ್ನು ನೋಡಿ ಅಳೆಯುವುದು, ತಮ್ಮನ್ನು ಮಾತ್ರ ತಮ್ಮಲ್ಲಿನ ಒಳ್ಳೆಯವರಿಂದ ಅಳೆದುಕೊಳ್ಳುವುದು. ಇದಕ್ಕೆಲ್ಲ ದಾರಿ ಹರಟೆಯೇ. ಸುಮಾಳ ಬೀದಿಯಲ್ಲಿ ಇದು ತಿರುಗುಮುರುಗು. ಇಲ್ಲಿ ಹಳಬರೇ ಹೊರಗಿನವರಾದರು, ಯಾಕೆಂದರೆ ಹೊಸಬರ ಕೈಯಲ್ಲಿ ದುಡ್ಡಿತ್ತು.

ನನ್ನ ತಪ್ಪನ್ನೂ ಹೇಳಬೇಕು. ಮನೆ ನೋಡಿಯೇ ಮಾತಾಡೋಣ ಎಂದು ಹೊರಟವಳು ದಾರಿ ತಪ್ಪಿ ಅದೇ ಅಂಗಡಿಯಲ್ಲಿ ಕೇಳಿದೆ. “ಓ, ಆ ಹುಚ್ಚರ ಮನೆಯಾ?” ಎಂದು ಅಂಗಡಿಯವನು ನಕ್ಕ. ನಾನೂ ನಕ್ಕೆ. ಸುಮ್ನೆ, ಮರ್ಯಾದೆಗೆ. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು.

ಒಳಗೆ ಹೋದಾಗ ನಾನು ನೋಡಬೇಕಿದ್ದದ್ದು ಇದು: ಇದು ವಸ್ತು ಕೂಡಿಡುವ ಕಾಯಿಲೆಯಾ? ಅಂಥದ್ದೊಂದು ಇದೆ. ಮನಸ್ಸಿನ ಕಾಯಿಲೆ ಗುರುತಿಸಲು ವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲಿ 2013ರಿಂದ ಅದಕ್ಕೆ ಪ್ರತ್ಯೇಕ ಜಾಗವಿದೆ. ಅದಿದ್ದವರಿಗೆ ಬೇಡದ್ದನ್ನೂ ಬಿಸಾಡಲು ಆಗುವುದಿಲ್ಲ. ಅಡುಗೆಮನೆಯಲ್ಲಿ ಅಡುಗೆ ಮಾಡಲು, ಮಂಚದಲ್ಲಿ ಮಲಗಲು ಜಾಗ ಉಳಿಯುವುದಿಲ್ಲ. ಇಲ್ಲಿ ಪ್ರತಿ ರೇಡಿಯೊಗೂ ಚೀಟಿ ಅಂಟಿಸಿದೆ: ಯಾವ ವಾಲ್ವು ಹೋಗಿದೆ, ಯಾರಿಗೆ ಕೊಡಬೇಕು, ಎಷ್ಟು ಬಾಕಿ. ಹೋದ ತಿಂಗಳು ಆರು ಮಾರಿದ್ದರು. ಮಲಗುವ ಕೋಣೆಯಲ್ಲಿ ಒಂದೂ ಇಲ್ಲ. ನಿದ್ದೆ, ಊಟ, ವ್ಯವಹಾರ ಎಲ್ಲ ಸರಿಯಾಗಿದೆ. ಅಮ್ಮನದ್ದೂ ಅಷ್ಟೇ.

ನಾನು ಅಪ್ಪನಿಗೆ ಒಂದು ವಿಷಯ ನೆನಪಿಸಿದೆ, ಅವರಿಗೆ ಅದು ಮೊದಲೇ ಗೊತ್ತಿತ್ತು. 1935ರಲ್ಲಿ ಇದೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದಲೇ ಬಂದದ್ದು. ಅವರು ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್, ಅಂದರೆ ನನ್ನ ಕಸುಬಿನವರು. ಅಪ್ಪ ನಕ್ಕರು. “ಅವರು ಪ್ರೊಫೆಸರ್ ಮೇಡಂ. ನಾನು ಎಸೆಸೆಲ್ಸಿ ಫೇಲು.”

ತಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಐದು ತಿಂಗಳಿಂದ ಅವನು ಕಾಲೇಜಿಗೆ ಹೋಗಿಲ್ಲ. ಹಗಲು ಮಲಗುತ್ತಾನೆ, ರಾತ್ರಿ ಎದ್ದಿರುತ್ತಾನೆ. ಊಟ ತಟ್ಟೆಯಲ್ಲೇ ಉಳಿಯುತ್ತದೆ. ಬೀದಿಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುತ್ತಾನೆ. ಇಲ್ಲಿ ಕಷ್ಟ ನೋಡಿ, ಬೀದಿಯವರು ನಿಜವಾಗಿಯೂ ಮಾತಾಡುತ್ತಿದ್ದರು. ಅವನದ್ದು ಎಷ್ಟು ಭ್ರಮೆ, ಎಷ್ಟು ವಾಸ್ತವ ಎಂದು ಹೇಳುವುದು ನನ್ನ ಕೆಲಸವಲ್ಲ, ಮನೋವೈದ್ಯರದ್ದು. ಮತ್ತೆ ಯಾಕೆ ಕರೆದುಕೊಂಡು ಹೋಗಿರಲಿಲ್ಲ? ಅಮ್ಮ ದನಿ ತಗ್ಗಿಸಿ ಹೇಳಿದರು, “ಹೋದರೆ ಅವರು ಹೇಳಿದ್ದೇ ನಿಜ ಆಗಿಬಿಡುತ್ತೆ ಅಲ್ವಾ?” ಯಾರಿಗೆ ಕಾಯಿಲೆ ಇಲ್ಲವೋ ಅವರಿಗೆ ಬೀದಿ ಹುಚ್ಚಿನ ಹೆಸರು ಕೊಟ್ಟಿತ್ತು. ಯಾರಿಗೆ ನಿಜಕ್ಕೂ ನೆರವು ಬೇಕಿತ್ತೋ ಅವನು ಆ ಹೆಸರಿನ ಭಯಕ್ಕೆ ಕೋಣೆಯೊಳಗೆ ಉಳಿದಿದ್ದ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ತಮ್ಮನದ್ದೇ. ಉಳಿದದ್ದೆಲ್ಲ ಕಾಯಬಹುದು, ಇದು ಕಾಯುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಅದೇ ವಾರ ಕರೆದುಕೊಂಡು ಹೋಗಿ ಎಂದೆ. ಅವನು ಹೊರಡದಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನಿಗೆ “ನಿನಗೆ ಹುಚ್ಚಿಲ್ಲ, ಬಾ” ಅನ್ನಬೇಡಿ. “ನಿನಗೆ ನಿದ್ದೆ ಇಲ್ಲ, ಅದಕ್ಕೆ ತೋರಿಸೋಣ” ಅನ್ನಿ. ಅವನೂ ಒಪ್ಪುವ ಮಾತು ಅದೊಂದೇ ಇತ್ತು.

ಅಪ್ಪ ಅಮ್ಮನಿಗೆ ಕಾನೂನಿನ ಮಾತು ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ: ಒಬ್ಬರ ಆರ್ಥಿಕ ಅಥವಾ ಸಾಮಾಜಿಕ ಸ್ಥಿತಿ ನೋಡಿ ಮಾನಸಿಕ ಕಾಯಿಲೆ ಎಂದು ತೀರ್ಮಾನಿಸುವ ಹಾಗಿಲ್ಲ. ಸುತ್ತಲಿನವರ ರೀತಿನೀತಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೂ ಹಾಗಿಲ್ಲ. ಅಮ್ಮ ಇದನ್ನು ಎರಡು ಸಲ ಓದಿಸಿಕೊಂಡರು.

ಬೀದಿಯವರ ಒಂದು ದೂರು ಮಾತ್ರ ನ್ಯಾಯವಾಗಿತ್ತು. ಹಿತ್ತಲಲ್ಲಿ ಹಳೇ ವಾಷಿಂಗ್ ಮೆಷಿನ್ ಡ್ರಮ್ಮುಗಳಲ್ಲಿ ಮಳೆನೀರು ನಿಂತಿತ್ತು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ತಿಳಿನೀರಿನಲ್ಲೇ, ಒಂದೂವರೆ ವಾರದೊಳಗೆ ಮರಿಗಳು ಹಾರುತ್ತವೆ. ವಾರಕ್ಕೊಮ್ಮೆ ಮಗುಚಿ ಹಾಕಿ ಇಲ್ಲವೇ ತೂತು ಕೊರೆಯಿರಿ ಎಂದೆ. ಅಪ್ಪನಿಗೆ ಬೇಜಾರಾಯಿತು. ಆದರೂ ಮರುದಿನವೇ ಕೊರೆದರಂತೆ. ನಿಜವಾದ ತಪ್ಪು ಒಂದಿದ್ದರೆ ಅದನ್ನು ಸರಿಮಾಡಿಕೊಂಡರೆ, ಉಳಿದ ಹತ್ತು ಮಾತಿಗೆ ತಲೆ ತಗ್ಗಿಸಬೇಕಾಗಿಲ್ಲ. ಹಾಡು ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಟೆರೇಸಿನ ಬದಲು ದೇವರ ಕೋಣೆಯಲ್ಲಿ ಹಾಡಬಹುದಾ ಎಂದು ಕೇಳಿದೆ. “ನೋಡೋಣ” ಅಂದರು. ನೋಡಲಿಲ್ಲ.

ಸುಮಾಳಿಗೆ ಹೇಳಿದ್ದು ಇಷ್ಟು. ಮುಂದಿನ ಸಂಬಂಧ ಬಂದಾಗ, ಅವರು ಅಂಗಡಿಗೆ ಹೋಗುವ ಮೊದಲು ನೀನೇ ಹುಡುಗನನ್ನು ಮನೆಗೆ ಕರಿ. ರೇಡಿಯೊ ತೋರಿಸು. ಅಪ್ಪ ಮಾತಾಡುವುದನ್ನು ಅವನು ಕಿವಿಯಾರೆ ಕೇಳಲಿ. ತಮ್ಮನ ವಿಷಯವನ್ನೂ ಮುಚ್ಚಿಡಬೇಡ, ಆದರೆ ತಮ್ಮನ ಒಪ್ಪಿಗೆ ಕೇಳಿ, ಎಷ್ಟು ಬೇಕೋ ಅಷ್ಟೇ ಹೇಳು. ಹೆದರಿ ಓಡುವವನು ಮದುವೆ ಮೊದಲೇ ಓಡಲಿ. ಇನ್ನು ‘ನನಗೂ ಬರುತ್ತಾ’ ಅನ್ನುವ ಪ್ರಶ್ನೆಗೆ, ಅಪ್ಪ ಅಮ್ಮನಿಂದ ನಿನಗೆ ಬಂದಿರುವುದು ಬಹುಶಃ ಜೋರು ದನಿ ಮಾತ್ರ ಎಂದೆ. ಮೊದಲ ಸಲ ನಕ್ಕಳು.

ಇಡೀ ಬೀದಿಯನ್ನು ಗೆಲ್ಲುವ ಯೋಚನೆ ಬೇಡ, ಒಂದು ಮನೆಯ ಜೊತೆ ಮಾತು ಶುರುವಾದರೆ ಸಾಕು ಎಂದೂ ಹೇಳಿದ್ದೆ.

ಮೂರು ತಿಂಗಳಾಗಿದೆ. ತಮ್ಮ ಚಿಕಿತ್ಸೆಯಲ್ಲಿದ್ದಾನೆ, ರಾತ್ರಿ ಐದಾರು ಗಂಟೆ ಮಲಗುತ್ತಾನೆ. ಸಂಬಂಧ ಯಾವುದೂ ಬಂದಿಲ್ಲ. ಹೋದ ವಾರ ಪಕ್ಕದ ಮನೆಯಿಂದ ಒಂದು ಮಿಕ್ಸಿ ರಿಪೇರಿಗೆ ಬಂತಂತೆ. ಕೆಲಸದಾಕೆ ಕೈಯಲ್ಲಿ ಕಳಿಸಿದ್ದರು, ಮನೆಯೊಡತಿ ಗೇಟಿನ ಆಚೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರು. ಅಪ್ಪ ಅದೇ ಸಂಜೆ ಸರಿಮಾಡಿದರು. ಆದರೆ ಕೆಲಸದಾಕೆ ಬಂದಾಗ ಕೊಡಲಿಲ್ಲ. “ಅಮ್ಮಾವ್ರೇ ಬಂದು ತಗೊಂಡು ಹೋಗ್ಲಿ. ಕಾಸು ಬೇಡ.”

“ಹೀಗೆ ಮಾಡಿದ್ದು ಸರಿನಾ ಮೇಡಂ?” ಎಂದು ಸುಮಾ ಕೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಿಕ್ಸಿ ಇನ್ನೂ ಮೇಜಿನ ಮೇಲೇ ಇದೆ, ಪೇಪರಿನಲ್ಲಿ ಸುತ್ತಿಟ್ಟಿದ್ದಾರೆ.