ಅಂಗವೈಕಲ್ಯ ಇರೋದು ದೇಹದಲ್ಲೋ, ಸಮಾಜದಲ್ಲೋ?

ಎಂ.ಎಸ್.ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದ್ತಿದ್ದೀರಿ. ಅಂಗವೈಕಲ್ಯವನ್ನು ನೋಡೋ ಮೂರು ಬಗೆ ಹೇಳಿ, ಊನ ದೇಹದ್ದು, ಅದನ್ನೇ ಸರಿಮಾಡಬೇಕು ಅನ್ನೋ ವೈದ್ಯಕೀಯ ಮಾದರಿ, ಅಡ್ಡಿ ಸಮಾಜದ್ದು ಅನ್ನೋ ಸಾಮಾಜಿಕ ಮಾದರಿ, ಪಾಪ ಅಂತ ಕೈಯೆತ್ತಿ ಕೊಡೋ ದಾನಧರ್ಮದ ಮಾದರಿ, ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ನಾನು ಇಳಕಲ್ಲಿನ ನೇಕಾರ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಬಲಗಾಲು ಸೊರಗಿತು.

ಕುಣಿಮಗ್ಗದಲ್ಲಿ ಕೈಗೆ ಎಷ್ಟು ಕೆಲಸವೋ ಕಾಲಿಗೂ ಅಷ್ಟೇ. ಕುಣಿಯೊಳಗೆ ಕಾಲು ಇಳಿಬಿಟ್ಟು ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಆಗಲೇ ಎಳೆಗಳು ಬಾಯಿ ಬಿಟ್ಟು ಲಾಳಿಗೆ ದಾರಿ ಕೊಡೋದು. "ಈ ಹುಡುಗಗ ಮಗ್ಗ ಆಗೂದಿಲ್ಲ ಬಿಡು" ಅಂದರು ಓಣಿಯವರು. ಅಪ್ಪ ಮಾತಾಡಲಿಲ್ಲ. ಬಲಗಡೆಯ ಹಲಗೆ ಬಿಚ್ಚಿ, ಅದರ ಹಗ್ಗಕ್ಕೆ ಕಲ್ಲು ಕಟ್ಟಿದ. ಎಡಗಾಲಲ್ಲಿ ತುಳಿದರೆ ಒಂದು ಬಾಯಿ, ಬಿಟ್ಟರೆ ಕಲ್ಲಿನ ಭಾರಕ್ಕೆ ಇನ್ನೊಂದು. ಕಲ್ಲಿನ ತೂಕ ಹೊಂದೋಕೆ ನಾಲ್ಕು ದಿನ ಹಿಡಿಯಿತು. ಕಾಲು ಇದ್ದಹಾಗೇ ಇತ್ತು, ಮಗ್ಗ ಬದಲಾಯಿತು.

1976ರಲ್ಲಿ ಬ್ರಿಟನ್ನಿನ ಅಂಗವಿಕಲರದೇ ಸಂಘಟನೆಯೊಂದು ಹೇಳಿದ್ದು ಇದನ್ನೇ: ದೇಹದ ಊನ ಬೇರೆ, ಅದರ ಮೇಲೆ ಸಮಾಜ ಹೇರುವ ಅಡ್ಡಿ ಬೇರೆ, ಅಂಗವೈಕಲ್ಯ ಅಂದರೆ ಆ ಅಡ್ಡಿ. ಮುಂದೆ 1983ರಲ್ಲಿ ಅಲ್ಲಿನ ಸಮಾಜಶಾಸ್ತ್ರಜ್ಞ, ತಾವೂ ಅಂಗವಿಕಲರಾದ ಮೈಕ್ ಆಲಿವರ್ ಇದಕ್ಕೆ ಸಾಮಾಜಿಕ ಮಾದರಿ ಅಂತ ಹೆಸರಿಟ್ಟರು. ಅಪ್ಪನಿಗೆ ಹೇಳಿದ್ದರೆ "ಹೂಂ, ಮತ್ತ?" ಅಂತಿದ್ದ.

ಹಾಗಂತ ವೈದ್ಯಕೀಯದವರನ್ನು ಪೂರ್ತಿ ಬಯ್ಯಬೇಡಿ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಒಂದು ಕೇಸೂ ಇಲ್ಲ. ಅದು ಎರಡು ಹನಿಯ ಕೆಲಸ, ರ‍್ಯಾಂಪಿನದಲ್ಲ. ನನಗೆ ಸಿಟ್ಟಿರೋದು ಪರ್ಸೆಂಟೇಜಿನ ಮೇಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದಲ್ಲಿ 7 ಬಗೆಯಿದ್ದದ್ದನ್ನು 21 ಮಾಡಿತು, ವ್ಯಾಖ್ಯಾನದಲ್ಲೇ ಅಡೆತಡೆಗಳ ಮಾತೂ ಇದೆ. ಆದರೆ ಮೀಸಲಾತಿ ಬೇಕಂದರೆ 40 ಪರ್ಸೆಂಟ್ ಆಗಿದೆ ಅಂತ ಡಾಕ್ಟರು ಬರೆದುಕೊಡಬೇಕು. ಕಾಲನ್ನು ಅಳೀತಾರೆ. ನಮ್ಮೂರ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗೆ ಬರುತ್ತೆ, ಅದಕ್ಕೆಷ್ಟು ಪರ್ಸೆಂಟ್ ಅಂತ ಯಾರೂ ಬರೆಯಲ್ಲ.

ಸಾಮಾಜಿಕ ಮಾದರಿ ಕೈಬಿಡೋ ಜಾಗವೂ ಒಂದಿದೆ. ಇಷ್ಟು ವರ್ಷ ಇಬ್ಬರ ಕೆಲಸ ಒಬ್ಬನೇ ಮಾಡಿದ ಎಡಗಾಲು ಈಗ ರಾತ್ರಿ ಸೆಳೆಯುತ್ತೆ. ಯಾವ ಕಲ್ಲು ಕಟ್ಟಿದರೂ ಆ ನೋವು ಹೋಗಲ್ಲ. ನೋವನ್ನು ಲೆಕ್ಕಕ್ಕೇ ತಗೊಂಡಿಲ್ಲ ಅಂತ ಬ್ರಿಟನ್ನಿನ ಜೆನ್ನಿ ಮಾರಿಸ್, ಲಿಜ್ ಕ್ರೋ ಥರದ ಅಂಗವಿಕಲ ಮಹಿಳೆಯರೇ ತಕರಾರು ತೆಗೆದರು. ನಾನು ಅವರ ಕಡೆ.

ಇನ್ನು ದಾನಧರ್ಮ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸುಸ್ತಾಗಿ ಕಟ್ಟೆ ಮೇಲೆ ಕೂತಿದ್ದೆ. ಒಬ್ಬ ಆಯಿ ಬಂದು "ಪಾಪ, ದೇವರು ಹಿಂಗ ಮಾಡಬಾರದಿತ್ತು" ಅಂತ ತೊಡೆ ಮೇಲೆ ಹತ್ತು ರೂಪಾಯಿ ಇಟ್ಟಳು. ಬೇಡ ಅನ್ನೋಕೆ ಬಾಯಿ ಬರಲಿಲ್ಲ, ಕಳಕಳಿಯಿಂದಲೇ ಕೊಟ್ಟಿದ್ದಳು. ತಿರುಗಿ ಹೋಗುವಾಗ ಸೆರಗು ನೋಡಿದೆ. ಇಳಕಲ್ ಸೀರೆಯ ಟೋಪ್ ತೆನಿ ಸೆರಗು, ಅದರ ಎಳೆಗಳನ್ನು ಒಡಲಿನ ಎಳೆಗೆ ಕೊಂಡಿ ಹಾಕಿ ಸೇರಿಸಿದ್ದು. ನಮ್ಮೂರ ಮಗ್ಗದ್ದೇ.