ಒಂದೇ ಗಳಿಗೆಯ ಎರಡು ಅಂಕಿಗಳು

ದಾವಣಗೆರೆಯ ದಲಾಲಿ ಮಂಡಿಯೊಂದರಲ್ಲಿ ಬಹುಕಾಲ ಲೆಕ್ಕ ಬರೆದ, ಐವತ್ತರ ಆಸುಪಾಸಿನ ಗುಮಾಸ್ತರೊಬ್ಬರು ಪತ್ನಿಯೊಡನೆ ಸಲಹೆಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಕ್ಕರೆ ಕಾಯಿಲೆಯಿಂದ ಅಣ್ಣ ಕಾಲು ಕಳೆದುಕೊಂಡ ಬಳಿಕ ಇವರೂ ಪರೀಕ್ಷೆ ಮಾಡಿಸಿದ್ದರು. ಪ್ರಯೋಗಾಲಯದ ವರದಿಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 108, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ 6.0 ಇದ್ದು, ಮಧುಮೇಹದ ಗಡಿಯಾದ 126 ಹಾಗೂ 6.5ನ್ನು ಮುಟ್ಟದಿದ್ದರೂ ಎಚ್ಚರ ವಹಿಸಬೇಕಾದ ಹಂತವೆಂದು ವೈದ್ಯರು ತಿಳಿಸಿದ್ದರು. ಅಂದಿನಿಂದ ಇವರು ಮನೆಯಲ್ಲೇ ದಿನಕ್ಕೆ ಎಂಟು ಬಾರಿ ಬೆರಳು ಚುಚ್ಚಿಕೊಂಡು ಅಂಕಿಗಳನ್ನು ಖಾತೆಯಂತೆ ಬರೆದಿಡತೊಡಗಿದರು. ಬೆಳಗಿನ ಅಂಕಿ ಹಿಂದಿನ ದಿನಕ್ಕಿಂತ ಹತ್ತು ಹೆಚ್ಚಿದ್ದರೆ, "ನಿನ್ನೆ ಸಾರಿಗೆ ಬೆಲ್ಲ ಹಾಕಿದ್ದೆಯಾ?" ಎಂದು ಪತ್ನಿಯ ವಿಚಾರಣೆ ನಡೆಯುತ್ತಿತ್ತು. ಆಕೆ ನನ್ನೆದುರು ಅತ್ತದ್ದು ಈ ಪ್ರಶ್ನೆಯನ್ನು ನೆನೆದು.

ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಂಡು, ಅವರದೇ ಮೀಟರಿನಲ್ಲಿ ಎರಡು ಬೆರಳುಗಳ ರಕ್ತವನ್ನು ಒಂದರ ಬೆನ್ನಿಗೊಂದು ನೋಡುವಂತೆ ಕೋರಿದೆ. ಮೊದಲು 121, ಆಮೇಲೆ 110 ಬಂತು. ಪೈಸೆ ವ್ಯತ್ಯಾಸವಾದರೂ ರಾತ್ರಿಯಿಡೀ ಕುಳಿತು ಲೆಕ್ಕ ಹೊಂದಿಸುತ್ತಿದ್ದ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮನೆಬಳಕೆಯ ಮೀಟರುಗಳಿಗೆ ಇರುವ 2013ರ ಅಂತರರಾಷ್ಟ್ರೀಯ ಮಾನದಂಡವೇ, 100ಕ್ಕಿಂತ ಮೇಲಿನ ಅಳತೆಗಳಲ್ಲಿ ಶೇಕಡ 15ರಷ್ಟು ಆಚೀಚೆಯನ್ನು ಒಪ್ಪುತ್ತದೆ; ಅಂದರೆ ನಿಜವಾದ ಪ್ರಮಾಣ 120 ಇದ್ದಾಗ ಮೀಟರು 102 ತೋರಿಸಿದರೂ 138 ತೋರಿಸಿದರೂ ಅದನ್ನು ಕೆಟ್ಟಿದೆ ಎನ್ನುವಂತಿಲ್ಲ. ಇದರ ಮೇಲೆ ನಿದ್ದೆಗೆಟ್ಟ ರಾತ್ರಿ, ಜ್ವರ, ಮನಸ್ಸಿನ ಆತಂಕ, ನಸುಕಿನಲ್ಲಿ ಏರುವ ಹಾರ್ಮೋನುಗಳು ದೇಹದೊಳಗಿನ ಸಕ್ಕರೆಯನ್ನೇ ಏರಿಳಿಸುತ್ತವೆ.

ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ 196 ಎಂಬ ಅಂಕಿಯಿತ್ತು. "ಅವತ್ತು ಪೂಜೆಗೆ ಬಾಳೆಹಣ್ಣು ಬೆಲ್ಲ ಕಲಸಿದ್ದು ನೀವೇ ಅಲ್ಲವೇ?" ಎಂದು ಪತ್ನಿ ಮೆಲ್ಲಗೆ ನೆನಪಿಸಿದರು. ಬೆರಳಿಗಂಟಿದ ಹಣ್ಣಿನ ರಸ ಅಂಕಿಯನ್ನು ಹೀಗೆ ಹಾರಿಸಬಲ್ಲದು. ಅದೇ ಕಾರಣವೆಂದು ಈಗ ಸಾಧಿಸಲಾಗದಿದ್ದರೂ, ತಿಂಗಳುಗಟ್ಟಲೆ ಆಕೆ ಹೊತ್ತ ಆರೋಪಕ್ಕೆ ಆಧಾರವಿರಲಿಲ್ಲವೆಂಬುದು ಅವರಿಗೆ ಅಂದು ಮನವರಿಕೆಯಾಯಿತು.

ವೈದ್ಯರ ಒಪ್ಪಿಗೆ ಪಡೆದು, ವಾರಕ್ಕೆ ಎರಡು ಬೆಳಿಗ್ಗೆ ಮಾತ್ರ ಒಂದೇ ಹೊತ್ತಿನಲ್ಲಿ ನೋಡಿ, ಪಕ್ಕದಲ್ಲಿ ಹಿಂದಿನ ರಾತ್ರಿಯ ಊಟ, ನಿದ್ದೆಗಳನ್ನು ಬರೆಯಲು ಸೂಚಿಸಿದೆ. ಒಂದು ದಿನವನ್ನು ಇನ್ನೊಂದರೊಡನೆ ಹೋಲಿಸದೆ ಇಡೀ ತಿಂಗಳನ್ನು ನೋಡಬೇಕು, ಊಟದ ಹೊತ್ತಿನಲ್ಲಿ ಅಂಕಿಯ ಮಾತು ತೆಗೆಯಬಾರದು ಎಂದೆ. ಅಣ್ಣನ ಕಾಲಿನ ಭಯವನ್ನು ಪತ್ನಿಯೊಡನೆ ಭಯವೆಂದೇ ಹೇಳಿಕೊಳ್ಳುವುದು ಇವೆಲ್ಲಕ್ಕಿಂತ ಅವರಿಗೆ ಕಷ್ಟವಾಯಿತು. ಅದಕ್ಕೆ ಇನ್ನೆರಡು ಭೇಟಿ ಹಿಡಿಯಿತು. ನಡಿಗೆ ಮತ್ತು ಪಥ್ಯವನ್ನು ಬಿಡಬಾರದೆಂದೂ ಒತ್ತಿ ಹೇಳಿದೆ, ಏಕೆಂದರೆ ಅಳತೆ ಅಲುಗಾಡುತ್ತದೆ ಎಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ.

ಮೂರು ತಿಂಗಳ ಬಳಿಕ ಎಚ್‌ಬಿಎ1ಸಿ 5.9 ಬಂದಿದೆಯೆಂದು ಸಂತೋಷದಿಂದ ವರದಿ ತಂದರು. 6.0ಕ್ಕೂ 5.9ಕ್ಕೂ ಇರುವ ಅಂತರ ಪರೀಕ್ಷೆಯ ಸಹಜ ಏರುಪೇರಿನೊಳಗೇ ಬರುವುದರಿಂದ ಅದನ್ನು ಇಳಿಕೆಯೆಂದು ಖಚಿತವಾಗಿ ಹೇಳಲಾಗದು ಎಂದೆ. ಅವರು ತಲೆದೂಗಿ, ವರದಿಯನ್ನು ಮಡಚಿ ಪತ್ನಿಯ ಕೈಗೆ ಕೊಟ್ಟರು.