ಬ್ಲಾಕ್ ಇಲ್ಲ ಅಂದಮೇಲೂ ಮಾತ್ರೆ ಏಕೆ?

ಪ್ರಶ್ನೆ: ಅಪ್ಪ ತೀರಿಕೊಂಡ ಮರುದಿನ ಅಮ್ಮನಿಗೆ (64) ಎದೆನೋವು ಬಂತು. ಇಸಿಜಿಯಲ್ಲಿ ಏರುಪೇರು, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಏರುವ ಪ್ರೋಟೀನ್) ಹೆಚ್ಚು. ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಇಲ್ಲ. ‘ಟಕೋಟ್ಸುಬೊ’ ಎಂದರು. ಎಕೋದಲ್ಲಿ ಹೃದಯದ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡು ವಾರ್ಫರಿನ್ (ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ) ಕೊಟ್ಟಿದ್ದಾರೆ. ‘ದುಃಖಕ್ಕೆ ಬಂದದ್ದು, ತಾನೇ ಹೋಗುತ್ತೆ, ಮಾತ್ರೆ ಬಿಡಿಸಿ’ ಎನ್ನುತ್ತಾರೆ ನೆಂಟರು. ಬಿಡಿಸಬಹುದೇ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಬಿಡಿಸಬೇಡಿ. ನೆಂಟರ ಮಾತು ಅರ್ಧ ನಿಜ. ಹೃದಯದ ಸ್ನಾಯು ಹೆಚ್ಚಿನವರಲ್ಲಿ 4ರಿಂದ 8 ವಾರಗಳಲ್ಲಿ ಸುಧಾರಿಸುತ್ತದೆ. ಅಪಾಯ ಇರುವುದು ಅಲ್ಲಿಯವರೆಗಿನ ದಿನಗಳಲ್ಲಿ.

ಆಘಾತಕ್ಕೆ ಅಡ್ರಿನಲಿನ್ ಒಮ್ಮೆಲೇ ನುಗ್ಗಿದಾಗ ಎಡ ಹೃತ್ಕುಕ್ಷಿಯ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ತುದಿ ಮಂಕಾಗಿ ಉಬ್ಬುತ್ತದೆ, ಬುಡ ಮಾತ್ರ ಬಿಗಿಯಾಗಿ ಹಿಂಡುತ್ತದೆ. ಎಕೋದಲ್ಲಿ ಕಿರುಗತ್ತಿನ ಮಡಕೆಯ ಆಕಾರ. ಜಪಾನಿನಲ್ಲಿ ಆಕ್ಟೋಪಸ್ ಹಿಡಿಯುವ ಇಂಥ ಮಡಕೆಯೇ ಟಕೋಟ್ಸುಬೊ. 1990ರಲ್ಲಿ ಅಲ್ಲಿನ ವೈದ್ಯರು ಇಟ್ಟ ಹೆಸರು. ಮುಟ್ಟು ನಿಂತ ಹೆಂಗಸರಲ್ಲೇ ಹೆಚ್ಚು. ಅಲುಗದ ತುದಿಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಸ್ನಾಯು ಚೇತರಿಸಿಕೊಂಡು ಮತ್ತೆ ಹಿಂಡತೊಡಗಿದಾಗಲೇ ಆ ಹೆಪ್ಪು ಕಳಚಬಹುದು. ಮಿದುಳಿಗೆ ಹೋದರೆ ಲಕ್ವ. ಗುಣವಾಗುತ್ತಿರುವಾಗಲೇ ಮಾತ್ರೆ ಬೇಕು ಎನ್ನುವುದು ಇದಕ್ಕೇ.

ವಾರ್ಫರಿನ್ ಸಾಮಾನ್ಯವಾಗಿ 3 ತಿಂಗಳು. ಹೆಪ್ಪು ಕರಗಿದ್ದು ಎಕೋದಲ್ಲಿ ಕಂಡ ಮೇಲೆ ವೈದ್ಯರೇ ನಿಲ್ಲಿಸುತ್ತಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ ಐಎನ್‌ಆರ್ 2ರಿಂದ 3ರ ನಡುವೆ ಇರಲಿ, ಹೆಚ್ಚಾದರೆ ರಕ್ತಸ್ರಾವದ ಅಪಾಯ. ಸೊಪ್ಪು ಈ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ, ಆದರೂ ಬಿಡಬೇಕಿಲ್ಲ, ಈ ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಅಂತಾಗಬಾರದು ಅಷ್ಟೆ. ಸೂತಕದ ದಿನಗಳಲ್ಲಿ ಅಮ್ಮ ಊಟ ಬಿಟ್ಟರೂ ಐಎನ್‌ಆರ್ ಏರುತ್ತದೆ, ಇದನ್ನು ಗಮನಿಸುವವರು ಕಡಿಮೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್ ಬೇಡ. ಮಲ ಕಪ್ಪಾದರೆ, ಒಸಡಿನಲ್ಲಿ ರಕ್ತ ಕಂಡರೆ ಅದೇ ದಿನ ತೋರಿಸಿ.

ಇನ್ನೊಂದು ತೊಡಕು: ಬುಡ ಅತಿಯಾಗಿ ಹಿಂಡುವುದರಿಂದ ಕೆಲವರಲ್ಲಿ ರಕ್ತ ಹೊರಡುವ ದಾರಿಯೇ ಕಿರಿದಾಗುತ್ತದೆ. ಆಗ ನಾಲಗೆಯಡಿ ಸಾರ್ಬಿಟ್ರೇಟ್ (ಎದೆನೋವಿಗೆ ಕೊಡುವ, ರಕ್ತನಾಳ ಹಿಗ್ಗಿಸುವ ಮಾತ್ರೆ) ಇಟ್ಟರೆ ಬಿಪಿ ಕುಸಿಯುತ್ತದೆ. ಮನೆಯಲ್ಲಿದೆ ಎಂದು ನೀವೇ ಕೊಡಬೇಡಿ. ಇಸಿಜಿಯಲ್ಲಿ ಕ್ಯೂಟಿ (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಸಮಯ) ಉದ್ದವಾಗಿದೆ ಎಂದು ಬರೆದಿದ್ದರೆ ಡಿಸ್ಚಾರ್ಜ್ ಚೀಟಿ ಯಾವಾಗಲೂ ಜೊತೆಗಿರಲಿ. ಕೆಮ್ಮಿಗೆ ಬರೆಯುವ ಅಜಿತ್ರೋಮೈಸಿನ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಕೂಡ ಆಗ ಬಡಿತ ಕೆಡಿಸಿ ಪ್ರಾಣಕ್ಕೇ ಕುತ್ತು ತರಬಹುದು.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಮಲಗಿದಾಗ ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಮತ್ತೆ ಎದೆನೋವು ಬಂದರೂ ಅಷ್ಟೇ, ‘ಅಪ್ಪನ ನೆನಪಾಗಿರಬೇಕು’ ಎಂದು ಕಾಯಬೇಡಿ. ಇದು ಬ್ಲಾಕ್‌ನ ನೋವೋ ಟಕೋಟ್ಸುಬೊದ್ದೋ ಎಂದು ನೋವಿನಿಂದಲೇ ಹೇಳಲು ವೈದ್ಯರಿಗೂ ಆಗುವುದಿಲ್ಲ.